ಕಾರಣ ಬರೆಯದ ನಕ್ಷೆ

ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸುವ ಗುರಿಯನ್ನು ಕೇಂದ್ರ ಸರ್ಕಾರ ಮೊದಲು 2030ಕ್ಕೆ ಇಟ್ಟುಕೊಂಡಿತ್ತು. ಆಮೇಲೆ ಅದನ್ನು 2025ಕ್ಕೆ ಹಿಂದಕ್ಕೆ ತಂದಿತು. ಆ ಅವಸರದ ಫಲವಾಗಿ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಸಕ್ಕರೆ ಕಾರ್ಖಾನೆಗಳ ಮಗ್ಗುಲಲ್ಲಿ ಡಿಸ್ಟಿಲರಿಗಳು ಎದ್ದವು, ಇದ್ದವು ದೊಡ್ಡವಾದವು. ಇಂಥದೊಂದು ಘಟಕ ಶುರುವಾದಾಗ ದಿನಕ್ಕೆ ಎಷ್ಟು ಸಾವಿರ ಲೀಟರ್, ಎಷ್ಟು ಕೋಟಿ ಬಂಡವಾಳ, ಎಷ್ಟು ಮಂದಿಗೆ ಕೆಲಸ ಎಂಬುದು ಪತ್ರಿಕೆಗಳಲ್ಲಿ ಬರುತ್ತದೆ. ಅದರ ಜೊತೆಗೇ ಕಾರ್ಖಾನೆಯ ಕಪಾಟಿಗೆ ಬಂದು ಸೇರುವ ಕಾಗದದ ಕಟ್ಟುಗಳ ಬಗ್ಗೆ ಯಾರೂ ಮಾತಾಡುವುದಿಲ್ಲ. ನಕ್ಷೆ, ಲೆಕ್ಕ, ಪಟ್ಟಿ, ಸೂಚನೆಗಳ ಆ ಕಟ್ಟನ್ನು ಪರವಾನಗಿ ಪಡೆಯಲು ಬೇಕಾದ ಸಾಮಾನು ಎಂದು ತಿಳಿಯುವುದೇ ವಾಡಿಕೆ. ನನ್ನ ವಾದ ಬೇರೆ. ಆ ಕಾಗದವೂ ಬಾಯ್ಲರಿನಷ್ಟೇ, ಪಂಪಿನಷ್ಟೇ ಕಾರ್ಖಾನೆಯ ಒಂದು ಅಂಗ. ಅದರಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಏನು ಕಟ್ಟಿದ್ದೇವೆ ಎಂಬ ಚಿತ್ರವಲ್ಲ, ಹೀಗೇ ಏಕೆ ಕಟ್ಟಿದೆವು ಎಂಬ ಕಾರಣ. ದುರದೃಷ್ಟಕ್ಕೆ ಮೊದಲು ಕೈಬಿಟ್ಟು ಹೋಗುವುದೂ ಅದೇ.

ಹೊಸ ಸ್ಥಾವರದ ತಾಂತ್ರಿಕ ದಾಖಲೆ ಎಂದರೆ ಒಂದೇ ಪುಸ್ತಕವಲ್ಲ. ಎಲ್ಲಕ್ಕೂ ಮೊದಲು ಬರುವುದು ವಿನ್ಯಾಸದ ಆಧಾರ. ಕಚ್ಚಾಮಾಲು ಕಾಕಂಬಿಯೋ ಧಾನ್ಯವೋ, ಅದರ ಗುಣ ಎಷ್ಟರಿಂದ ಎಷ್ಟಕ್ಕೆ ಏರಿಳಿಯಬಹುದು, ಏಪ್ರಿಲ್ ತಿಂಗಳ ಬಿಸಿಲಲ್ಲಿ ಕೂಲಿಂಗ್ ಟವರಿನ ನೀರು ಎಷ್ಟು ತಣ್ಣಗಿರಬಲ್ಲದು, ಕಾಕಂಬಿಯಿಂದ ತೆಗೆದ ಪ್ರತಿ ಲೀಟರ್ ಎಥನಾಲಿನ ಬೆನ್ನಿಗೆ ಎಂಟು ಹತ್ತು ಲೀಟರಿಗೂ ಮೀರಿ ಬರುವ ಸ್ಪೆಂಟ್ ವಾಶ್ ಎಂಬ ಕೊಳೆನೀರು ಎಲ್ಲಿಗೆ ಹೋಗಬೇಕು, ಇವೆಲ್ಲ ಅಲ್ಲಿ ತೀರ್ಮಾನವಾಗುತ್ತವೆ. ಅದರ ಮೇಲೆ ನಿಲ್ಲುವುದು ಪ್ರಕ್ರಿಯೆಯ ಹರಿವಿನ ನಕ್ಷೆ ಮತ್ತು ಒಳಗೆ ಹೋದದ್ದಕ್ಕೂ ಹೊರಗೆ ಬಂದದ್ದಕ್ಕೂ ತಾಳೆ ಹಾಕುವ ತೂಕ, ಶಾಖಗಳ ಲೆಕ್ಕ. ಆಮೇಲೆ ಇಂಜಿನಿಯರುಗಳು ದಿನಾ ಬಾಯಲ್ಲಿ ಆಡುವ ಪಿ ಅಂಡ್ ಐಡಿ, ಅಂದರೆ ಪ್ರತಿಯೊಂದು ಪೈಪು, ವಾಲ್ವು, ಅಳೆಯುವ ಉಪಕರಣ, ಅದು ಕೊಡುವ ಅಪ್ಪಣೆಗಳನ್ನು ತೋರಿಸುವ ನಕ್ಷೆ. ಅದರ ಹಿಂದೆ ಒಂದೊಂದು ಯಂತ್ರಕ್ಕೂ ಡಾಟಾ ಶೀಟು, ಪೈಪುಗಳ ಪಟ್ಟಿ, ಸೇಫ್ಟಿ ವಾಲ್ವುಗಳ ಲೆಕ್ಕ, ಎಲ್ಲಿ ಕಿಡಿ ಹಾರಬಾರದು ಎಂದು ಗುರುತು ಮಾಡಿದ ಪ್ರದೇಶಗಳ ನಕ್ಷೆ, ಕೊನೆಗೆ ಶುರು ಮಾಡುವ, ನಡೆಸುವ, ನಿಲ್ಲಿಸುವ ಕ್ರಮ. ಈ ಸರಪಳಿಯಲ್ಲಿ ಒಂದು ಕೊಂಡಿ ಇನ್ನೊಂದರಿಂದ ಹುಟ್ಟುತ್ತದೆ. ಹಾಗಾಗಿ ಮೊದಲನೆಯದರಲ್ಲಿ ಬರೆಯದೆ ಬಿಟ್ಟದ್ದು ಮುಂದಿನ ಎಲ್ಲದರಲ್ಲೂ ಬರೆಯದೆ ಉಳಿದುಹೋಗುತ್ತದೆ.

ಕಾರಣ ಬರೆಯದಿದ್ದರೆ ಏನಾದೀತು ಎನ್ನುವುದಕ್ಕೆ ಡಿಸ್ಟಿಲರಿಯದೇ ಉದಾಹರಣೆ ಕೊಡುತ್ತೇನೆ. ಎಥನಾಲ್ ಟ್ಯಾಂಕಿಗೆ ಬೆಂಕಿ ಬಿದ್ದರೆ ನೊರೆ ಸುರಿದು ಆರಿಸಬೇಕು. ಪೆಟ್ರೋಲು, ಡೀಸೆಲ್ಲಿನ ಬೆಂಕಿಗೆ ಬಳಸುವ ಸಾಮಾನ್ಯ ನೊರೆ ಇಲ್ಲಿ ನಡೆಯದು. ಎಥನಾಲ್ ನೀರಿನೊಡನೆ ಪೂರ್ತಿ ಬೆರೆಯುವ ದ್ರವ. ನೊರೆಯಲ್ಲಿರುವ ನೀರನ್ನೇ ಹೀರಿಕೊಂಡು ನೊರೆಯನ್ನು ಕುಸಿಯುವಂತೆ ಮಾಡುತ್ತದೆ. ಅದಕ್ಕಾಗಿ ಮದ್ಯಸಾರ ತಾಳಿಕೊಳ್ಳುವ ಬೇರೆ ಬಗೆಯ ನೊರೆದ್ರಾವಣ ಬೇಕು, ಅದಕ್ಕೆ ಬೆಲೆಯೂ ಹೆಚ್ಚು. ವಿನ್ಯಾಸ ಮಾಡಿದವರಿಗೆ ಇದು ಗೊತ್ತು. ಅವರು ದಾಖಲೆಯಲ್ಲಿ ಬರೀ ಒಂದು ಸರಕಿನ ಹೆಸರು ಬರೆದು ಮುಗಿಸಿದರೆ, ಐದಾರು ವರ್ಷದ ಮೇಲೆ ಹಳೆಯ ದಾಸ್ತಾನು ಬದಲಿಸುವ ಹೊತ್ತಿಗೆ ಖರೀದಿ ವಿಭಾಗದ ಮುಂದೆ ಎರಡು ದರಪಟ್ಟಿ ಇರುತ್ತವೆ. ಎರಡೂ ನೊರೆಯೇ, ಒಂದು ಅಗ್ಗ. ಅಗ್ಗದ್ದನ್ನು ಕೊಂಡವನನ್ನು ದೂರುವುದು ಅನ್ಯಾಯ. ದಾಖಲೆ ಅವನಿಗೆ ಸರಕನ್ನು ಹೇಳಿತು, ಕಾರಣವನ್ನು ಹೇಳಲಿಲ್ಲ. ಇನ್ನೊಂದೇ ಒಂದು ವಾಕ್ಯ ಅಲ್ಲಿದ್ದಿದ್ದರೆ ಸಾಕಿತ್ತು. ಸೇಫ್ಟಿ ವಾಲ್ವಿನ ಕಥೆಯೂ ಅಷ್ಟೇ. ಇಂತಿಷ್ಟು ಗಾತ್ರದ ವಾಲ್ವು ಎಂದು ಡಾಟಾ ಶೀಟು ಹೇಳುತ್ತದೆ. ಕಂಡೆನ್ಸರಿಗೆ ನೀರು ನಿಂತುಹೋದ ಗಳಿಗೆಯನ್ನು ಎಣಿಸಿ ಆ ಗಾತ್ರ ಬಂತೋ, ಹೊರಗಿನ ಬೆಂಕಿಯನ್ನು ಎಣಿಸಿ ಬಂತೋ ಎಂಬುದು ಬರೆದಿರದಿದ್ದರೆ, ಮುಂದೊಂದು ದಿನ ಉತ್ಪಾದನೆ ಹೆಚ್ಚಿಸಲು ಹೊರಟವರಿಗೆ ಆ ವಾಲ್ವು ಇನ್ನೂ ಸಾಕೋ ಸಾಲದೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ.

ಇದು ಬರೀ ಊಹೆಯ ಮಾತಲ್ಲ. ಇಂಗ್ಲೆಂಡಿನ ಫ್ಲಿಕ್ಸ್‌ಬರೋ ಎಂಬಲ್ಲಿ ನೈಪ್ರೋ ಕಂಪನಿಯ ಕಾರ್ಖಾನೆಯೊಂದಿತ್ತು. ನೈಲಾನಿಗೆ ಬೇಕಾದ ಕ್ಯಾಪ್ರೊಲ್ಯಾಕ್ಟಮ್ ಅಲ್ಲಿ ತಯಾರಾಗುತ್ತಿತ್ತು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಆರು ರಿಯಾಕ್ಟರುಗಳಲ್ಲಿ ಸೈಕ್ಲೊಹೆಕ್ಸೇನ್ ಸುಮಾರು 155 ಡಿಗ್ರಿ ಶಾಖದಲ್ಲಿ, ಗಾಳಿಯ ಎಂಟೊಂಬತ್ತು ಪಟ್ಟು ಒತ್ತಡದಲ್ಲಿ ಹರಿಯುತ್ತಿತ್ತು. 1974ರ ಮಾರ್ಚ್ ಕೊನೆಯಲ್ಲಿ ಐದನೆಯ ರಿಯಾಕ್ಟರಿನಲ್ಲಿ ಬಿರುಕು ಕಂಡಿತು. ಸಣ್ಣ ಸೋರಿಕೆಯೊಂದನ್ನು ಹತ್ತಿಕ್ಕಲು ಅದರ ಮೇಲೆ ನೀರು ಬಿಡುತ್ತಿದ್ದರು, ಆ ನೀರಿನಲ್ಲಿದ್ದ ನೈಟ್ರೇಟು ಉಕ್ಕನ್ನು ಬಿರಿಸಿತ್ತು. ಉತ್ಪಾದನೆ ನಿಲ್ಲಬಾರದೆಂದು ಐದನೆಯದನ್ನು ಕಳಚಿ, ನಾಲ್ಕಕ್ಕೂ ಆರಕ್ಕೂ ನಡುವೆ ಪೈಪಿನ ಸೇತುವೆ ಹಾಕಿದರು. ರಿಯಾಕ್ಟರಿನ ಬಾಯಿ 28 ಇಂಚು, ಸಿಕ್ಕಿದ ಪೈಪು 20 ಇಂಚು. ಎರಡು ಬಾಯಿಗಳೂ ಒಂದೇ ಎತ್ತರದಲ್ಲಿಲ್ಲದ್ದರಿಂದ ಪೈಪನ್ನು ತುಂಡರಿಸಿ, ಬಾಗಿದಂತೆ ಬೆಸೆದು ಕೂಡಿಸಿದರು. ಎರಡು ತುದಿಯಲ್ಲೂ ಹಿಗ್ಗಿ ಕುಗ್ಗುವ ಬೆಲ್ಲೋಸ್, ಕೆಳಗೆ ಕಟ್ಟಡದ ಸಾರುವೆಯಂಥ ಆಸರೆ. ಈ ಇಡೀ ಕೆಲಸಕ್ಕೆ ಇದ್ದ ನಕ್ಷೆ ಯಾವುದು ಎಂದು ವಿಚಾರಣಾ ನ್ಯಾಯಮಂಡಳಿ ಹುಡುಕಿದಾಗ ಸಿಕ್ಕ ಉತ್ತರ, ವರ್ಕ್‌ಶಾಪಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ಗೆರೆಗಳು. ಬೆಲ್ಲೋಸ್ ತಯಾರಕರ ಕೈಪಿಡಿಯನ್ನು ಯಾರೂ ತೆರೆದು ನೋಡಿರಲಿಲ್ಲ. ಬಾಗಿದ ಪೈಪನ್ನು ಒತ್ತಡ ಹೇಗೆ ತಿರುಚುತ್ತದೆ ಎಂಬ ಲೆಕ್ಕ ಆಗಲೇ ಇಲ್ಲ. ವರ್ಕ್ಸ್ ಇಂಜಿನಿಯರ್ ಬಿಟ್ಟುಹೋದ ಜಾಗ ತುಂಬಿರಲಿಲ್ಲ. ಎರಡು ತಿಂಗಳು ಆ ಪೈಪು ತಾಳಿಕೊಂಡಿತು. ಜೂನ್ 1, ಶನಿವಾರ ಸಂಜೆ ಪೈಪು ಕಿತ್ತುಬಂದು ಆವಿಯ ಮೋಡಕ್ಕೆ ಬೆಂಕಿ ತಗುಲಿ 28 ಮಂದಿ ಸತ್ತರು. ಅವರಲ್ಲಿ 18 ಮಂದಿ ಕಂಟ್ರೋಲ್ ರೂಮಿನಲ್ಲಿದ್ದವರು.

ಫ್ಲಿಕ್ಸ್‌ಬರೋ ಬಗ್ಗೆ ಮಾತಾಡುವವರು ಸಾಮಾನ್ಯವಾಗಿ ಆ ಸೀಮೆಸುಣ್ಣದ ಗೆರೆಯನ್ನು ತೋರಿಸಿ ನಗುತ್ತಾರೆ. ಆ ನಗುವಿನಲ್ಲಿ ನನಗೆ ಪಾಲಿಲ್ಲ. ಅಲ್ಲಿದ್ದವರು ಕೆಲಸ ಬಲ್ಲ ಜನ, ಶ್ರಮಜೀವಿಗಳು. ಅವರು ಬಿಡಿಸಿದ ಪ್ರಶ್ನೆ ‘ಇವೆರಡನ್ನು ಜೋಡಿಸುವುದು ಹೇಗೆ’ ಎಂಬುದು. ನಾಲ್ಕನೆಯ ರಿಯಾಕ್ಟರಿನಿಂದ ಐದನೆಯದಕ್ಕೆ ಮೊದಲು ಇದ್ದ ಗಿಡ್ಡ ಕೊಳವೆಯೂ ಬೆಲ್ಲೋಸೂ ಯಾವ ಬಲವನ್ನು ತಾಳಲೆಂದು ಹಾಗಿದ್ದವು ಎಂಬ ಪ್ರಶ್ನೆ ಅವರ ಮುಂದೆ ಬರಲೇ ಇಲ್ಲ. ಮೂಲ ವಿನ್ಯಾಸದ ಕಾರಣ ಕೈಗೆಟುಕುವಂತೆ ಇದ್ದು, ಅದನ್ನು ಓದದೆ ಯಾವ ಬದಲಾವಣೆಯನ್ನೂ ಮಾಡಬಾರದು ಎಂಬ ಕಟ್ಟಳೆಯಿದ್ದಿದ್ದರೆ ಆ ಪ್ರಶ್ನೆ ಬರದೆ ಇರುತ್ತಿರಲಿಲ್ಲ. ಇಂದು ಜಗತ್ತಿನಾದ್ಯಂತ ರಾಸಾಯನಿಕ ಕಾರ್ಖಾನೆಗಳಲ್ಲಿ ಬದಲಾವಣೆಗೆ ಮುನ್ನ ಬರಹದ ಪರಿಶೀಲನೆ ಕಡ್ಡಾಯ ಎನ್ನುವ ಪದ್ಧತಿ ಬೇರೂರಿರುವುದಕ್ಕೆ ಈ ದುರಂತವೇ ದೊಡ್ಡ ಕಾರಣ.

ಕಾಗದ ಇಲ್ಲದಿದ್ದುದು ಅಲ್ಲಿಯ ಕಥೆಯಾದರೆ, ಕಾಗದ ಇದ್ದೂ ಸುಳ್ಳಾದದ್ದು ಅಮೆರಿಕದ ಟೆಕ್ಸಾಸ್ ಸಿಟಿಯ ಕಥೆ. 2005ರ ಮಾರ್ಚ್ 23ರಂದು ಅಲ್ಲಿಯ ಬಿಪಿ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟವಾಗಿ 15 ಮಂದಿ ತೀರಿಕೊಂಡರು, 180 ಮಂದಿ ಗಾಯಗೊಂಡರು. 170 ಅಡಿ ಎತ್ತರದ ಗೋಪುರವೊಂದನ್ನು ಶುರು ಮಾಡುವಾಗ ದ್ರವ ಮಿತಿಮೀರಿ ತುಂಬಿತು. ಮಟ್ಟ ಅಳೆಯುವ ಉಪಕರಣ ಬುಡದ ಒಂಬತ್ತು ಅಡಿಯ ತನಕ ಮಾತ್ರ ಕಾಣಬಲ್ಲದ್ದು. ದ್ರವ 158 ಅಡಿಗೆ ಏರಿದ್ದಾಗ ಆ ಉಪಕರಣ ಎಂಟು ಅಡಿಯ ಆಸುಪಾಸು ತೋರಿಸುತ್ತ, ಅದೂ ಇಳಿಯುತ್ತಿದೆ ಎನ್ನುತ್ತಿತ್ತು. ಏಕೆಂದು ತನಿಖಾ ಮಂಡಳಿ ಕೆದಕಿದಾಗ ಹೊರಬಿದ್ದ ಸಂಗತಿಗಳಲ್ಲಿ ಒಂದು, ಆ ಉಪಕರಣದ ಡಾಟಾ ಶೀಟು 1975ರದು ಎಂಬುದು. ಗೋಪುರ ಬೇರೆ ಪ್ರಕ್ರಿಯೆಗೆ ದುಡಿಯುತ್ತಿದ್ದ ಕಾಲದ್ದು ಅದು. ಆಮೇಲೆ ಒಳಗಿನ ದ್ರವ ಬದಲಾಯಿತು, ಅದರ ಸಾಂದ್ರತೆ ಬದಲಾಯಿತು, ಕಾಗದ ಮಾತ್ರ ಬದಲಾಗಲಿಲ್ಲ. ಅಪಘಾತಕ್ಕೆ ಇದೊಂದೇ ಕಾರಣವಲ್ಲ. ದಣಿದ ಕೆಲಸಗಾರರು, ಕೆಟ್ಟ ಅಲಾರಮ್ಮು, ಅಪಾಯದ ಜಾಗದಲ್ಲೇ ನಿಲ್ಲಿಸಿದ್ದ ಟ್ರೇಲರುಗಳು, ಖರ್ಚಿಗೆ ಹಾಕಿದ ಕತ್ತರಿ ಎಲ್ಲವೂ ಸೇರಿದ್ದವು. ಆದರೆ ಪಾಳಿಯ ಆಪರೇಟರಿನ ಕಣ್ಣಿಗೆ ಬಿದ್ದ ಅಂಕಿ ಮೂವತ್ತು ವರ್ಷ ಹಳೆಯ ಹಾಳೆಯ ಮೇಲೆ ನಿಂತಿತ್ತು ಎಂಬುದನ್ನು ಮರೆಯಲಾಗದು.

ಇಲ್ಲಿ ಒಂದು ಬಲವಾದ ಆಕ್ಷೇಪ ಕೇಳಿಬರುತ್ತದೆ. ವಿಷಾನಿಲ ದುರಂತ ನಡೆದ ಭೋಪಾಲದಲ್ಲಿ ಕಾಗದ ಇರಲಿಲ್ಲವೇ? ಯೂನಿಯನ್ ಕಾರ್ಬೈಡ್ ಕಂಪನಿಗೆ ದಾಖಲೆಗಳ ಬಡತನವಿರಲಿಲ್ಲ. ಮಿಥೈಲ್ ಐಸೊಸೈನೇಟನ್ನು ತಣ್ಣಗೆ, ಐದು ಡಿಗ್ರಿಯೊಳಗೆ ಇಡಬೇಕೆಂದು ಕೈಪಿಡಿಯಲ್ಲೇ ಇತ್ತು, ತಣ್ಣಗಿಡುವ ಯಂತ್ರವೂ ಇತ್ತು. 1984ರ ನಡುವಿನಲ್ಲಿ ಆ ಯಂತ್ರವನ್ನು ನಿಲ್ಲಿಸಿದರು. ಡಿಸೆಂಬರ್ 2ರ ರಾತ್ರಿ 610ನೆಯ ಟ್ಯಾಂಕಿಗೆ ನೀರು ಸೇರಿದಾಗ ತಡೆಯುವುದಕ್ಕೆ ಏನೂ ಉಳಿದಿರಲಿಲ್ಲ. ಬರೆದದ್ದನ್ನು ಪಾಲಿಸದವರ ಮುಂದೆ ಬರಹದಿಂದ ಏನು ಪ್ರಯೋಜನ ಎಂಬ ಆಕ್ಷೇಪದಲ್ಲಿ ಸತ್ಯವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಹಣ ಉಳಿಸಲೇಬೇಕೆಂದು ಹಟ ಹಿಡಿದ ಆಡಳಿತವನ್ನು ಯಾವ ದಾಖಲೆಯೂ ಕಟ್ಟಿಹಾಕಲಾರದು. ಆದರೂ ಎರಡು ಮಾತು ಉಳಿಯುತ್ತವೆ. ‘ಐದು ಡಿಗ್ರಿಯೊಳಗೆ ಇಡಿ’ ಎಂಬುದು ಅಪ್ಪಣೆ. ‘ಮೇಲೆ ಹೋದರೆ, ನೀರೋ ಕೊಳೆಯೋ ಸೇರಿದ ಪಕ್ಷದಲ್ಲಿ, ಶಾಖ ಏರುವ ವೇಗ ಇಷ್ಟು, ನಿಮ್ಮ ಕೈಯಲ್ಲಿ ಉಳಿಯುವ ಸಮಯ ಇಷ್ಟು’ ಎಂಬುದು ಕಾರಣ. ಅಪ್ಪಣೆಯನ್ನು ಮೀರುವುದು ಸುಲಭ. ಕಾರಣವನ್ನು ಓದಿ ಕೆಳಗೆ ಸಹಿ ಹಾಕಿ ಮೀರುವುದು ಅಷ್ಟು ಸುಲಭವಲ್ಲ. ಎರಡನೆಯದು, ಯಂತ್ರ ನಿಲ್ಲಿಸಿದ ನಿರ್ಧಾರ ಯಾರದು, ಯಾವ ಲೆಕ್ಕದ ಮೇಲೆ ಎಂಬುದು ಅಂಥ ದಾಖಲೆಯಿಂದ ಹೊರಬರುತ್ತದೆ. ಅಮೆರಿಕದಲ್ಲಿ 1992ರಲ್ಲಿ ಬಂದ ಪ್ರಕ್ರಿಯಾ ಸುರಕ್ಷತೆಯ ನಿಯಮ ಇಂಥ ಕಾರಣಗಳನ್ನೇ ಕೇಳುತ್ತದೆ. ಒತ್ತಡ, ಶಾಖ, ಹರಿವುಗಳ ಮೇಲಿನ ಕೆಳಗಿನ ಮಿತಿಗಳ ಜೊತೆಗೆ ಮಿತಿ ಮೀರಿದರೆ ಏನಾಗುತ್ತದೆ ಎಂಬುದನ್ನೂ, ಸೇಫ್ಟಿ ವಾಲ್ವುಗಳ ಲೆಕ್ಕದ ಆಧಾರವನ್ನೂ ಬರೆದಿಡಬೇಕು. ನಮ್ಮಲ್ಲೂ ಭೋಪಾಲದ ನಂತರ 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಿದ್ದುಪಡಿ ಬಂತು, ಅಪಾಯದ ಮಾಹಿತಿಯನ್ನು ಕಾರ್ಮಿಕರಿಗೂ ನೆರೆಹೊರೆಯವರಿಗೂ ತಿಳಿಸುವ ಹೊಣೆ ಮಾಲೀಕರ ಮೇಲೆ ಬಿತ್ತು. 1989ರ ನಿಯಮಗಳು ಸುರಕ್ಷತಾ ವರದಿಯನ್ನು ಕೇಳಿದವು.

‘ಇದೆಲ್ಲ ಅನುಭವಸ್ಥರಿಗೆ ಗೊತ್ತಿರುತ್ತದೆ, ಬರೆಯುವುದೇಕೆ’ ಎಂಬುದು ಇನ್ನೊಂದು ವಾದ. ಮನೆಯಲ್ಲಿ ಅಜ್ಜಿ ಕೈಯಳತೆಯಲ್ಲಿ ಹಾಕುವ ಸಾರಿನಪುಡಿಯಂತೆ, ಹಳೆಯ ಆಪರೇಟರಿನ ಅಂದಾಜು ಹೆಚ್ಚಾಗಿ ಸರಿಯೇ ಇರುತ್ತದೆ. ಹುದುಗಿನ ತೊಟ್ಟಿಯ ನೊರೆ ನೋಡಿ ಹದ ಹೇಳಬಲ್ಲವರಿದ್ದಾರೆ. ಆದರೆ ಡಿಸ್ಟಿಲರಿ ಹಲವು ದಶಕ ನಡೆಯಬೇಕಾದ ಸ್ಥಾವರ. ಅದನ್ನು ವಿನ್ಯಾಸ ಮಾಡಿದ ತಂಡ ಪುಣೆಯಲ್ಲೋ ಬೆಂಗಳೂರಲ್ಲೋ ಕೂತು, ಕೆಲಸ ಮುಗಿದ ಮೇಲೆ ಬೇರೆ ಕೆಲಸಕ್ಕೆ ಚದುರಿಹೋಗುತ್ತದೆ. ಶುರು ಮಾಡಿಸಿದ ಇಂಜಿನಿಯರಿಗೆ ಹೆಚ್ಚು ಸಂಬಳ ಕೊಡುವವರು ಬೇಗ ಸಿಗುತ್ತಾರೆ. ಅನುಭವ ಮನುಷ್ಯನೊಡನೆ ಗೇಟು ದಾಟಿ ಹೋಗುತ್ತದೆ. ದೊಡ್ಡ ಕಂಪನಿಗಳಲ್ಲಿ ನೂರು ಜನರ ನಡುವೆ ಹಂಚಿಹೋದ ತಿಳಿವಳಿಕೆ ಸಣ್ಣ ಘಟಕದಲ್ಲಿ ಒಬ್ಬರ ತಲೆಯಲ್ಲೇ ಇರುತ್ತದೆ. ಆದ್ದರಿಂದ ‘ನಮ್ಮದು ಸಣ್ಣ ಘಟಕ, ನಮಗೇಕೆ ಇಷ್ಟೆಲ್ಲ’ ಎನ್ನುವವರಿಗೇ ಇದು ಹೆಚ್ಚು ಬೇಕು.

ಕಾಗದ ಈಗಾಗಲೇ ಹೊರಲಾರದಷ್ಟಿದೆ ಎನ್ನುವವರೊಡನೆ ನನಗೆ ಜಗಳವೇ ಇಲ್ಲ. ಗುತ್ತಿಗೆದಾರ ಕೊನೆಯ ಬಿಲ್ಲಿನ ಜೊತೆ ತಂದು ಇಳಿಸುವ ಪೆಟ್ಟಿಗೆಗಳಲ್ಲಿ ಮುಕ್ಕಾಲು ಪಾಲು ಪಂಪು ತಯಾರಕರ ಕ್ಯಾಟಲಾಗು, ಮೂರು ಸಲ ಪ್ರತಿ ತೆಗೆದ ಪ್ರಮಾಣಪತ್ರ. ಬೇಕಾದದ್ದು ಅದರ ಅಡಿಯಲ್ಲಿ ಹೂತಿರುತ್ತದೆ. ನಾನು ಕೇಳುತ್ತಿರುವುದು ಇನ್ನಷ್ಟು ಹಾಳೆಯನ್ನಲ್ಲ. ನಿರ್ಧಾರ ಮಾಡಿದ ದಿನವೇ ಅದರ ಬದಿಗೆ ಬರೆದ ಎರಡು ಸಾಲನ್ನು. ತಿಂಗಳು ಕಳೆದ ಮೇಲೆ ಬರೆಯಲು ಕೂತರೆ ಕಾರಣ ನೆನಪಾಗುವುದಿಲ್ಲ, ನೆಪ ಹೊಳೆಯುತ್ತದೆ. ಕಂಪ್ಯೂಟರಿನ ಮೂರು ಆಯಾಮದ ಮಾದರಿ ಎಲ್ಲವನ್ನೂ ತೋರಿಸುತ್ತದಲ್ಲ ಎಂದರೆ, ಅದು ಪೈಪು ಎಲ್ಲಿದೆ ಎಂದು ಬೆರಳ ತುದಿಯ ನಿಖರತೆಯಲ್ಲಿ ತೋರಿಸುತ್ತದೆ, ಅಲ್ಲೇಕಿದೆ ಎಂದು ಹೇಳುವುದಿಲ್ಲ. ಕಬ್ಬು ನುರಿಸುವ ಹಂಗಾಮಿನೊಳಗೆ ಘಟಕ ಶುರುವಾಗಬೇಕು, ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬ ಮಾತಿಗೂ ಉತ್ತರ ಅಂದಂದೇ ಬರೆದ ಆ ಎರಡು ಸಾಲಿನಲ್ಲೇ ಇದೆ.

ತಂತ್ರಜ್ಞಾನ ಮಾರುವವರು ‘ಇದು ನಮ್ಮ ಗುಟ್ಟು’ ಎನ್ನುತ್ತಾರೆ. ಯೀಸ್ಟಿನ ತಳಿ ಗುಟ್ಟಾಗಿರಲಿ, ಗೋಪುರದ ತಟ್ಟೆಗಳ ವಿನ್ಯಾಸ ಗುಟ್ಟಾಗಿರಲಿ. ಯಾವ ಮಿತಿಯೊಳಗೆ ನಡೆಸಿದರೆ ಜೀವಕ್ಕೆ ಅಪಾಯವಿಲ್ಲ ಎಂಬುದು ಯಾರ ಗುಟ್ಟೂ ಆಗಬಾರದು. ಇದಕ್ಕಿಂತ ಪ್ರಾಮಾಣಿಕವಾದ ಅಂಜಿಕೆ ಇನ್ನೊಂದಿದೆ, ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಕಾರಣ ಬರೆದಿಟ್ಟರೆ ನಾಳೆ ಕೋರ್ಟಿನಲ್ಲಿ ಅದೇ ನಮ್ಮ ವಿರುದ್ಧ ಸಾಕ್ಷಿಯಾದೀತು ಎಂಬುದು. ಆಗಬಹುದು. ಆದರೆ ಕಾರಣ ಬರೆದವನು ತಾನು ಯೋಚಿಸಿದ್ದೆ ಎಂದು ತೋರಿಸಬಲ್ಲ. ಬರೆಯದವನು ಯೋಚಿಸಿಯೇ ಇರಲಿಲ್ಲ ಎಂಬ ತೀರ್ಮಾನವನ್ನು ಎದುರಿಸಬೇಕಾಗುತ್ತದೆ. ಫ್ಲಿಕ್ಸ್‌ಬರೋದಲ್ಲಿ ಆದದ್ದು ಅದೇ.

ಈಗ ನಮ್ಮ ಡಿಸ್ಟಿಲರಿಗಳ ಮುಂದಿರುವ ಬದಲಾವಣೆಯನ್ನು ನೋಡೋಣ. ಕಾಕಂಬಿಗೆಂದು ಕಟ್ಟಿದ ಘಟಕಗಳು ಹಂಗಾಮು ಮುಗಿದ ಮೇಲೂ ನಡೆಯಲೆಂದು ಮೆಕ್ಕೆಜೋಳ, ನುಚ್ಚಕ್ಕಿಗೂ ಸಜ್ಜಾಗುತ್ತಿವೆ. ಕಾಗದದ ಮೇಲೆ ಇದು ಒಂದು ಗಿರಣಿ, ಹಿಟ್ಟು ಬೇಯಿಸುವ ವಿಭಾಗ, ಉಳಿಕೆ ಒಣಗಿಸುವ ಡ್ರೈಯರು ಸೇರಿಸಿದಷ್ಟೇ. ಆದರೆ ಹಿಟ್ಟಿನ ಧೂಳು ಗಾಳಿಯಲ್ಲಿ ಹರಡಿದಾಗ ಸಿಡಿಯಬಲ್ಲದು. ಕಾಕಂಬಿಯ ಘಟಕದಲ್ಲಿ ಈ ಅಪಾಯವೇ ಇರಲಿಲ್ಲ. ಹಳೆಯ ಅಪಾಯಗಳು ಹಾಗೇ ಇರುತ್ತವೆ. ಹುದುಗು ಬರುವಾಗ ಎಥನಾಲಿನ ತೂಕಕ್ಕೆ ಹೆಚ್ಚುಕಡಿಮೆ ಸಮನಾಗಿ ಇಂಗಾಲದ ಡೈಆಕ್ಸೈಡು ಹೊರಬರುತ್ತದೆ. ಗಾಳಿಗಿಂತ ಭಾರವಾದ ಅದು ಖಾಲಿ ತೊಟ್ಟಿಯ ತಳದಲ್ಲಿ ನಿಂತು, ತೊಳೆಯಲು ಇಳಿದವನ ಉಸಿರು ಕಟ್ಟಿಸುತ್ತದೆ. ಇಂಥವನ್ನು ಒಂದೊಂದಾಗಿ ಹೆಕ್ಕುವುದಕ್ಕೆ ಬ್ರಿಟನ್ನಿನ ಐಸಿಐ ಕಂಪನಿಯವರು 1960ರ ದಶಕದಲ್ಲಿ ರೂಪಿಸಿದ ಹ್ಯಾಜಾಪ್ ಎಂಬ ಪರಿಶೀಲನೆ ಇದೆ. ನಾಲ್ಕಾರು ಬಗೆಯ ಪರಿಣತರು ನಕ್ಷೆಯ ಸುತ್ತ ಕೂತು, ಪ್ರತಿ ಪೈಪಿಗೂ ಹರಿವು ನಿಂತರೆ, ಹೆಚ್ಚಾದರೆ, ತಿರುಗಿ ಹರಿದರೆ ಎಂದು ಕೇಳುತ್ತ ಹೋಗುತ್ತಾರೆ. ನಕ್ಷೆ ಸ್ಥಾವರಕ್ಕೆ ತಾಳೆಯಾಗದಿದ್ದರೆ ಆ ಪರಿಣತರು ಇಲ್ಲದ ಕಾರ್ಖಾನೆಯೊಂದನ್ನು ಕಾಪಾಡಿ ಎದ್ದುಹೋಗುತ್ತಾರೆ. ಮೂಲ ವಿನ್ಯಾಸವನ್ನು ಕಾಕಂಬಿಗೆ ಮಾತ್ರ ಎಣಿಸಲಾಗಿದೆ, ಧಾನ್ಯ ತರುವುದಾದರೆ ಇಂತಿಂಥವನ್ನು ಮತ್ತೆ ಲೆಕ್ಕ ಹಾಕಬೇಕು ಎಂಬ ಒಂದು ಪುಟ ಹಳೆಯ ದಾಖಲೆಯಲ್ಲಿದ್ದರೆ ದಾರಿ ಎಷ್ಟು ಸುಗಮ!

ನಡೆಸುವ ಕ್ರಮದ ಕೈಪಿಡಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಭೋಪಾಲದ ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು. ಅಥಣಿಯ, ಮುಧೋಳದ ಸುತ್ತಿನ ಊರುಗಳಿಂದ ರಾತ್ರಿ ಪಾಳಿಗೆ ಬರುವ ಐಟಿಐ ಓದಿದ ಹುಡುಗರಿಗೆ ಮಿತಿಗಳೂ ಅವುಗಳ ಕಾರಣಗಳೂ ಕನ್ನಡದಲ್ಲಿ ಸಿಗಬೇಕು. ವಾಲ್ವು, ಕಂಡೆನ್ಸರು, ಟ್ರಿಪ್ಪು ಎಂಬ ಮಾತುಗಳು ಹಾಗೇ ಇರಲಿ. ಅವನ್ನು ಸಂಸ್ಕೃತಕ್ಕೆ ತಿರುಗಿಸಿ ಯಾರಿಗೂ ತಿಳಿಯದಂತೆ ಮಾಡುವುದು ಬೇಡ. ವಾಕ್ಯ ಕನ್ನಡದ್ದಾಗಿದ್ದರೆ ಸಾಕು.

ಸಹಕಾರಿ ಸಕ್ಕರೆ ಕಾರ್ಖಾನೆಗಳ ನಿರ್ದೇಶಕರಲ್ಲಿ, ಅವರನ್ನು ಆರಿಸುವ ಷೇರುದಾರ ಕಬ್ಬು ಬೆಳೆಗಾರರಲ್ಲಿ ನನ್ನ ಮನವಿ ಇಷ್ಟು. ಹೊಸ ಘಟಕದ ಗುತ್ತಿಗೆಗೆ ಸಹಿ ಹಾಕುವ ಮುನ್ನ ಅದರಲ್ಲಿ ಒಂದು ಕಲಮು ಸೇರಿಸಿ: ವಿನ್ಯಾಸದ ಆಧಾರ ಕಾರಣಸಹಿತವಾಗಿ, ಕಟ್ಟಿದ ಮೇಲೆ ಸ್ಥಳದಲ್ಲಿ ನಡೆದು ನೋಡಿ ತಿದ್ದಿದ ಪಿ ಅಂಡ್ ಐಡಿ, ಪ್ರತಿ ಸೇಫ್ಟಿ ವಾಲ್ವಿನ ಲೆಕ್ಕ, ಕನ್ನಡದ ನಡೆಸುವ ಕ್ರಮ, ಇವು ಕೈಸೇರುವ ತನಕ ಕೊನೆಯ ಕಂತಿನ ಹಣ ಬಿಡುಗಡೆಯಾಗುವುದಿಲ್ಲ. ವಾರ್ಷಿಕ ಸಭೆಯಲ್ಲಿ ಡಿವಿಡೆಂಡಿನ ಪ್ರಶ್ನೆ ಕೇಳುವಾಗ, ಆ ವರ್ಷ ಸ್ಥಾವರದಲ್ಲಿ ಏನೇನು ಬದಲಾಯಿತು, ನಕ್ಷೆ ಬದಲಾಯಿತೇ ಎಂಬುದನ್ನೂ ಕೇಳಿ.